ಎಣ್ಣೆ ಬಾಯ್ಲರಾ, ಹೀಟ್ ಪಂಪಾ? ವೆಸ್ಟ್‌ಬರೋ, 1968ರ ಬೇಸ್‌ಬೋರ್ಡ್ ಮನೆ

ವೆಸ್ಟ್‌ಬರೋ_ಅಂಗಳ:

ಮ್ಯಾಸಚೂಸೆಟ್ಸ್ ಕಡೆಯವರಲ್ಲಿ ಒಂದು ಪ್ರಶ್ನೆ. ಮನೆ 1968ರ ಎರಡು ಮಹಡಿಯ ಕಲೋನಿಯಲ್, 2,000 ಚದರಡಿ, ಮೇಲೆ ನಾಲ್ಕು ಬೆಡ್‌ರೂಮು. ರಸ್ತೆಯಲ್ಲಿ ಗ್ಯಾಸ್ ಲೈನ್ ಇಲ್ಲ. ಬೇಸ್‌ಮೆಂಟಲ್ಲಿರೋದು 24 ವರ್ಷದ ಎಣ್ಣೆ ಬಾಯ್ಲರ್, ಪ್ಲೇಟಿನ ಮೇಲೆ ಗಂಟೆಗೆ 1,40,000 ಬಿಟಿಯು (ಶಾಖದ ಅಳತೆ) ಅಂತಿದೆ. ಬಿಸಿನೀರು ಅದೇ ಬಾಯ್ಲರಿನೊಳಗಿನ ಕಾಯಿಲ್‌ನಿಂದ ಬರುತ್ತೆ, ಬೇರೆ ಟ್ಯಾಂಕ್ ಇಲ್ಲ. ರೂಮುಗಳಲ್ಲಿ ಬಿಸಿನೀರಿನ ಬೇಸ್‌ಬೋರ್ಡ್, ಅಂದರೆ ಗೋಡೆ ಬುಡದಲ್ಲಿ ಬಿಸಿನೀರು ಹರಿಯುವ ಉದ್ದನೆ ಹೀಟರ್. ಡಕ್ಟ್ ಇಲ್ಲವೇ ಇಲ್ಲ. ಎಲೆಕ್ಟ್ರಿಕ್ ಪ್ಯಾನೆಲ್ 100 ಆಂಪಿಯರ್.

ವರ್ಷಕ್ಕೆ ಸುಮಾರು 850 ಗ್ಯಾಲನ್ ಎಣ್ಣೆ ಉರಿಯುತ್ತೆ. ಈ ಸಲದ ಚೀಟಿಯಲ್ಲಿ ಗ್ಯಾಲನ್‌ಗೆ 3.60 ಡಾಲರ್. ಅದೇ ಚೀಟಿಯಲ್ಲಿ ಕೆ-ಫ್ಯಾಕ್ಟರ್ 10 ಅಂತ ಏನೋ ಬರೆದಿದ್ದಾರೆ. ಕರೆಂಟು ನ್ಯಾಷನಲ್ ಗ್ರಿಡ್‌ದು, ಎಲ್ಲಾ ಚಾರ್ಜ್ ಸೇರಿ ಯೂನಿಟ್‌ಗೆ 33 ಸೆಂಟ್.

ಎರಡು ಕೊಟೇಷನ್ ಬಂದಿವೆ. ಒಂದು: ಹೊಸ ಎಣ್ಣೆ ಬಾಯ್ಲರ್ ಜೊತೆಗೆ ಇನ್‌ಡೈರೆಕ್ಟ್ ಟ್ಯಾಂಕ್ (ಬಾಯ್ಲರಿನಿಂದ ಕಾಯುವ ಬಿಸಿನೀರಿನ ಟ್ಯಾಂಕ್), 13,000 ಡಾಲರ್. ಇನ್ನೊಂದು: 5 ಟನ್ (ಗಂಟೆಗೆ 60,000 ಬಿಟಿಯು) ಹೀಟ್ ಪಂಪ್, ಅಂದರೆ ಹೊರಗಾಳಿಯ ಶಾಖ ಎಳೆದು ಒಳಗೆ ಬಿಡುವ ಎಸಿಯಂಥದ್ದು, ಹೊರಗೆ ಒಂದೇ ಯೂನಿಟ್, ಒಳಗೆ ಗೋಡೆಗೆ ಗಾಳಿ ಊದುವ ಐದು ಹೆಡ್, ರಿಬೇಟಿಗೆ ಮುಂಚೆ 28,000. ಯಾವುದು ಲೇಸು? ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿದ ರಾತ್ರಿ ಇದು ಮನೆ ಬಿಸಿ ಮಾಡುತ್ತಾ? ಡಿಸೆಂಬರ್‌ನಲ್ಲಿ ನಾಲ್ಕು ವಾರ ಊರಿಗೆ ಹೋಗ್ತೀವಿ, ಆಗ ಮನೆ ಖಾಲಿ.

ಲೆಕ್ಕದಪುಸ್ತಕ:

ಮೊದಲು ಆ 5 ಟನ್ ಎಲ್ಲಿಂದ ಬಂತು ಕೇಳಿ. ಬಾಯ್ಲರ್ ಪ್ಲೇಟ್ ನೋಡಿ, ಚದರಡಿ ಗುಣಿಸಿ ಬರೆದಿರೋ ಸಾಧ್ಯತೆಯೇ ಹೆಚ್ಚು. ನಿಮ್ಮ ಮನೆಗೆ ನಿಜವಾಗಿ ಎಷ್ಟು ಶಾಖ ಬೇಕು ಅನ್ನೋದು ನಿಮ್ಮ ಎಣ್ಣೆ ಚೀಟಿಯಲ್ಲೇ ಇದೆ.

ಕೆ-ಫ್ಯಾಕ್ಟರ್ 10 ಅಂದರೆ 10 ಡಿಗ್ರಿ-ದಿನಕ್ಕೆ ಒಂದು ಗ್ಯಾಲನ್. ದಿನದ ಸರಾಸರಿ ಉಷ್ಣಾಂಶ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕೆಳಗಿತ್ತೋ ಅಷ್ಟು ಡಿಗ್ರಿ-ದಿನ. ಸರಾಸರಿ 25 ಇದ್ದ ದಿನ 40 ಡಿಗ್ರಿ-ದಿನ, ಅಂದರೆ ಅವತ್ತು 4 ಗ್ಯಾಲನ್ ಉರಿದಿದೆ.

ಒಂದು ಗ್ಯಾಲನ್ ನಂಬರ್ 2 ಎಣ್ಣೆಯಲ್ಲಿ ಸುಮಾರು 1,38,500 ಬಿಟಿಯು ಇರುತ್ತೆ. ಬಾಯ್ಲರ್ ದಕ್ಷತೆ ಶೇ. 83 ಹಿಡಿದರೆ ಮನೆಗೆ ಸಿಗೋದು 1,15,000. ಅದನ್ನ 10ರಿಂದ, ಆಮೇಲೆ 24ರಿಂದ ಭಾಗಿಸಿ. ಹೊರಗೆ ಒಂದು ಡಿಗ್ರಿ ಇಳಿದರೆ ಗಂಟೆಗೆ ಸುಮಾರು 480 ಬಿಟಿಯು ಜಾಸ್ತಿ ಬೇಕು ಅಂತಾಯ್ತು. ವುಸ್ಟರ್ ಸುತ್ತಮುತ್ತ ಡಿಸೈನ್ ಉಷ್ಣಾಂಶ (ಚಳಿಗಾಲದಲ್ಲಿ ಅದಕ್ಕಿಂತ ಕೆಳಗಿಳಿಯೋದು ಅಪರೂಪ ಅನ್ನೋ ಮಟ್ಟ) 5 ಡಿಗ್ರಿ ಅಂತ ಇಟ್ಟುಕೊಳ್ಳಿ. 65ರಿಂದ 5ಕ್ಕೆ 60 ಡಿಗ್ರಿ ವ್ಯತ್ಯಾಸ. 480 × 60 = 28,800 ಬಿಟಿಯು. ಸೊನ್ನೆಗೆ ಇಳಿದರೂ 31,200 ದಾಟಲ್ಲ.

ನಿಮ್ಮ ಬಾಯ್ಲರ್ ಅದರ ನಾಲ್ಕೂವರೆ ಪಟ್ಟಿಗಿಂತ ದೊಡ್ಡದು. ಈ ಭಾಗದ ಹಳೇ ಮನೆಗಳಲ್ಲಿ ಇದು ಮಾಮೂಲಿ. ಕಾಯಿಲ್‌ನಿಂದ ಶವರ್‌ಗೆ ತಕ್ಷಣ ಬಿಸಿನೀರು ಕೊಡೋಕೆ ದೊಡ್ಡ ಬಾಯ್ಲರ್ ಬೇಕಿತ್ತು, ಮನೆ ಬೆಚ್ಚಗಿಡೋಕಲ್ಲ. ಹೀಟ್ ಪಂಪನ್ನ ಆ ಅಳತೆಯಲ್ಲಿ ತಂದರೆ ಕೆಡುತ್ತೆ.

ಇನ್ನು ದುಡ್ಡಿನ ಲೆಕ್ಕ. ಗ್ಯಾಲನ್ ಎಣ್ಣೆ ಅಂದರೆ 40.6 ಯೂನಿಟ್ ಶಕ್ತಿ. ಶೇ. 83ಕ್ಕೆ 33.7 ಯೂನಿಟ್ ಶಾಖ. ಚಳಿಗಾಲ ಪೂರ್ತಿಯ ಸರಾಸರಿ ಸಿಒಪಿ (ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಸಿಗುತ್ತೆ ಅನ್ನೋದು) 2.7 ಬಂದರೆ ಅಷ್ಟೇ ಶಾಖಕ್ಕೆ 12.5 ಯೂನಿಟ್ ಕರೆಂಟು. 33 ಸೆಂಟ್ ದರದಲ್ಲಿ 4.12 ಡಾಲರ್. ನಿಮ್ಮ ಎಣ್ಣೆ 3.60. ಅಂದರೆ ಮಾಮೂಲಿ ದರದಲ್ಲಿ ಹೀಟ್ ಪಂಪೇ ದುಬಾರಿ. ಇದನ್ನ ಮಾರೋಕೆ ಬಂದವರು ಹೇಳಲ್ಲ.

ಆದರೆ 2025ರ ನವೆಂಬರ್‌ನಿಂದ ನ್ಯಾಷನಲ್ ಗ್ರಿಡ್, ಎವರ್‌ಸೋರ್ಸ್, ಯೂನಿಟಿಲ್ ಮೂರೂ ಹೀಟ್ ಪಂಪ್ ಮನೆಗಳಿಗೆ ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಕಡಿಮೆ ದರ ಕೊಡ್ತಿವೆ. ಮನೆಯ ಪೂರ್ತಿ ಬಳಕೆಗೆ ಅನ್ವಯಿಸುತ್ತೆ. ಕಡಿತ 5 ಸೆಂಟ್ ಅಂದುಕೊಳ್ಳಿ, 28 × 12.5 = 3.50. ಸಮಸಮ. ರಿಬೇಟ್ ಇಲ್ಲದೆ ಹಾಕಿಸಿದ್ದರೆ ಆ ದರಕ್ಕೆ ನೀವೇ ಅರ್ಜಿ ಹಾಕಬೇಕಾಗಬಹುದು, ಬಿಲ್ಲಿನಲ್ಲಿ ದರದ ಹೆಸರು ಬದಲಾಗಿದೆಯಾ ನೋಡಿ.

ಪಕ್ಕದ ಶ್ರೂಸ್‌ಬರಿಯಲ್ಲಿ ಇದೇ ಮನೆ ಇದ್ದಿದ್ದರೆ ಮಾತೇ ಬೇರೆ. ಅಲ್ಲಿ ಕರೆಂಟು ಊರಿನದ್ದೇ. ಯೂನಿಟ್‌ಗೆ 18 ಸೆಂಟ್ ಆಸುಪಾಸು ಇದ್ದರೆ 12.5 ಯೂನಿಟ್‌ಗೆ 2.25 ಡಾಲರ್, ಎಣ್ಣೆ ಹತ್ತಿರಕ್ಕೂ ಬರಲ್ಲ. ಹಡ್ಸನ್, ಹೋಲ್ಡನ್, ಲಿಟಲ್‌ಟನ್ ಕೂಡ ಇಂಥವೇ. ಆದರೆ ಆ ಊರುಗಳಿಗೆ ಮ್ಯಾಸ್ ಸೇವ್ (ರಾಜ್ಯದ ದೊಡ್ಡ ಕರೆಂಟು, ಗ್ಯಾಸ್ ಕಂಪನಿಗಳು ನಡೆಸುವ ಇಂಧನ ಉಳಿತಾಯ ಯೋಜನೆ) ರಿಬೇಟ್ ಸಿಗಲ್ಲ, ಊರಿನ ಲೈಟ್ ಡಿಪಾರ್ಟ್‌ಮೆಂಟ್ ಏನು ಕೊಡುತ್ತೋ ಅಷ್ಟೆ. ಬೇರೆ ಊರಿನ ಗೆಳೆಯರ ಬಿಲ್ ನೋಡಿ ತೀರ್ಮಾನಕ್ಕೆ ಬರಬೇಡಿ.

ಫ್ಲೇರ್‌ನಟ್:

ಮೇಲಿನ ಲೆಕ್ಕ ಸರಿ. ಆ ಕೊಟೇಷನ್‌ನಲ್ಲಿ 5 ಟನ್‌ಗಿಂತ ಕೆಟ್ಟದ್ದು ಐದು ಹೆಡ್.

5 ಡಿಗ್ರಿ ಚಳಿಯಲ್ಲೂ ನಿಮ್ಮ ಬೆಡ್‌ರೂಮಿಗೆ ಬೇಕಾಗೋದು 2,500 ಬಿಟಿಯು ಇರಬಹುದು. ಮಾಮೂಲಾಗಿ ಸಿಗುವ ಚಿಕ್ಕ ಹೆಡ್ಡೇ 6,000ದ್ದು. ಹೊರಗಿನ 5 ಟನ್ ಯೂನಿಟ್ ಎಷ್ಟೇ ತಗ್ಗಿದರೂ 15,000ಕ್ಕಿಂತ ಕೆಳಗೆ ಇಳಿಯೋದು ಕಷ್ಟ. ಅಕ್ಟೋಬರ್‌ನಲ್ಲಿ, ಏಪ್ರಿಲ್‌ನಲ್ಲಿ ಒಂದು ರೂಮು ಮಾತ್ರ ಶಾಖ ಕೇಳಿದರೆ ಕಂಪ್ರೆಸರ್ ಹತ್ತು ನಿಮಿಷ ಓಡುತ್ತೆ, ನಿಲ್ಲುತ್ತೆ, ಮತ್ತೆ ಓಡುತ್ತೆ. ಹೆಚ್ಚಾದ ಬಿಸಿ ಗ್ಯಾಸನ್ನ ಆಫ್ ಇರೋ ಹೆಡ್‌ಗಳ ಮೂಲಕವೂ ಸ್ವಲ್ಪ ಹರಿಸುತ್ತೆ, ಹಾಗಾಗಿ ಆಫ್ ಮಾಡಿದ ರೂಮೂ ಬಿಸಿಯಾಗುತ್ತೆ. ಸಿಒಪಿ 2.7 ಇದ್ದದ್ದು 2.2ಕ್ಕೆ ಬಿದ್ದರೆ ಗ್ಯಾಲನ್‌ಗೆ ಸಮನಾದ ಕರೆಂಟು 12.5ರಿಂದ 15.3 ಯೂನಿಟ್‌ಗೆ ಏರುತ್ತೆ. ಮೇಲಿನ ಸಮಸಮ ಲೆಕ್ಕ ಅಲ್ಲಿಗೆ ಮುಗೀತು.

ಈ ಮನೆಗೆ ಕೇಳಬೇಕಾದ್ದು ಎರಡು ಪ್ರತ್ಯೇಕ ಜೋಡಿ:

ಕೆಳಗಿನ ಮಹಡಿಗೆ ಒಂದು ಹೊರ ಯೂನಿಟ್, ಒಂದೇ ಹೆಡ್, 15,000ದಿಂದ 18,000. ಗೋಡೆ ಹೆಡ್ ಬದಲು ನೆಲದ ಹತ್ತಿರ ಕೂರುವ ಕನ್ಸೋಲ್ ಆದರೆ ಕಾಲು ಬೆಚ್ಚಗಿರುತ್ತೆ. ಮೇಲಿನ ಮಹಡಿಗೆ ಅಟಿಕ್ಕಿನಲ್ಲಿ ಒಂದು ಸ್ಲಿಮ್ ಡಕ್ಟ್ ಯೂನಿಟ್, 12,000ದಿಂದ 15,000, ನಾಲ್ಕೂ ರೂಮಿಗೆ ಗಿಡ್ಡ ಡಕ್ಟ್. ಸ್ಲಿಮ್ ಯೂನಿಟ್ಟಿನ ಫ್ಯಾನ್‌ಗೆ ಒತ್ತಡ ಕಡಿಮೆ, ಸುಮಾರು 0.2 ಇಂಚು ನೀರಿನಷ್ಟು. ಅದಕ್ಕೇ ಡಕ್ಟ್ ಅಗಲ ಇರಬೇಕು, ತಿರುವು ಕಡಿಮೆ ಇರಬೇಕು. ನಾಲ್ಕಿಂಚಿನ ದಪ್ಪ ಫಿಲ್ಟರ್ ಸಿಕ್ಕಿಸಿದರೆ ಕೊನೇ ರೂಮಿಗೆ ಗಾಳಿಯೇ ಬರಲ್ಲ. ಡಕ್ಟನ್ನ ಅಟಿಕ್ ನೆಲಕ್ಕೆ ಒರಗಿಸಿ, ಜಾಯಿಂಟಿಗೆಲ್ಲ ಮ್ಯಾಸ್ಟಿಕ್ ಅಂಟು ಬಳಿದು, ಸೆಲ್ಯುಲೋಸ್ (ಶಾಖ ತಡೆಯುವ ಪುಡಿ) ಒಳಗೆ ಹೂತುಬಿಡಬೇಕು. ಬೆಡ್‌ರೂಮಿನ ಬಾಗಿಲು ಹಾಕಿ ಮಲಗುವವರಾದರೆ ಗಾಳಿ ವಾಪಸ್ ಬರಲು ಬಾಗಿಲ ಕೆಳಗೆ ಒಂದಿಂಚು ಜಾಗ ಅಥವಾ ಗೋಡೆಯಲ್ಲಿ ಗ್ರಿಲ್ ಬಿಡಿಸಿ.

ಮಾಡೆಲ್ ಆರಿಸುವಾಗ ಡಬ್ಬದ ಮೇಲಿನ ಟನ್ ನೋಡಬೇಡಿ, ಅದು 47 ಡಿಗ್ರಿಯ ಅಥವಾ ಕೂಲಿಂಗಿನ ಸಂಖ್ಯೆ. ನೀಪ್ ಸಂಸ್ಥೆಯ ಕೋಲ್ಡ್ ಕ್ಲೈಮೇಟ್ ಪಟ್ಟಿಯಲ್ಲಿ ಅದೇ ಮಾಡೆಲ್ ನಂಬರ್ ಹುಡುಕಿ, 5 ಡಿಗ್ರಿಯಲ್ಲಿ ಗರಿಷ್ಠ ಎಷ್ಟು ಕೊಡುತ್ತೆ, 47 ಡಿಗ್ರಿಯಲ್ಲಿ ಕನಿಷ್ಠ ಎಷ್ಟಕ್ಕೆ ತಗ್ಗುತ್ತೆ, ಈ ಎರಡು ಮಾತ್ರ ಬರೆದುಕೊಳ್ಳಿ. ಮೊದಲನೆಯದು ಎರಡೂ ಜೋಡಿ ಸೇರಿ 30,000 ದಾಟಬೇಕು. ಎರಡನೆಯದು ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೇದು. ಸೊನ್ನೆ ಡಿಗ್ರಿಯಲ್ಲಿ ಕೆಲಸ ಮಾಡುತ್ತಾ ಅಂದರೆ, ಈ ಪಟ್ಟಿಯ ಬಹಳ ಮಾಡೆಲ್‌ಗಳು ಮೈನಸ್ 13ರವರೆಗೂ ಓಡ್ತವೆ. ಸಾಮರ್ಥ್ಯ ಇಳಿಯುತ್ತೆ, ನಿಲ್ಲಲ್ಲ.

ಹಾಕುವ ದಿನ ನೋಡಬೇಕಾದ್ದು ಜಾಸ್ತಿ ಇಲ್ಲ, ಆದರೆ ಬಿಡಬಾರದ್ದು:

ಫ್ಲೇರ್ ಜಾಯಿಂಟ್ (ತಾಮ್ರದ ಪೈಪಿನ ತುದಿ ಅಗಲಿಸಿ ನಟ್ ಹಾಕುವ ಕೀಲು) ಟಾರ್ಕ್ ರೆಂಚಲ್ಲೇ ಬಿಗಿಸಬೇಕು. ನೈಟ್ರೋಜನ್ ತುಂಬಿಸಿ, ತಯಾರಕರು ಹೇಳಿದ ಒತ್ತಡದಲ್ಲಿ ನಿಲ್ಲಿಸಿ ನೋಡಬೇಕು. ಆಮೇಲೆ ವ್ಯಾಕ್ಯೂಮ್ 500 ಮೈಕ್ರಾನ್‌ಗಿಂತ ಕೆಳಗೆ ಎಳೆದು, ಪಂಪ್ ಬೇರ್ಪಡಿಸಿ, ಮುಳ್ಳು ಮೇಲೇರದೆ ನಿಲ್ಲುತ್ತಾ ನೋಡಬೇಕು. ಆ ಗೇಜಿನ ಫೋಟೋ ಬೇಕು ಅಂತ ಕಾಂಟ್ರಾಕ್ಟಿನಲ್ಲೇ ಬರೆಸಿ. ಹೀಟ್ ಪಂಪ್ ಎರಡನೇ ಚಳಿಗಾಲಕ್ಕೆ ಸಪ್ಪೆಯಾದರೆ ಫ್ಲೇರ್‌ನಿಂದ ಗ್ಯಾಸ್ ಸೋರಿದೆಯಾ ಅಂತಲೇ ಹುಡುಕಾಟ ಶುರುಮಾಡಬೇಕು.

ಹೊರ ಯೂನಿಟ್ ನೆಲದಿಂದ 18ರಿಂದ 24 ಇಂಚು ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಿ. ಸೂರಿನ ನೀರು ಬೀಳೋ ಗೆರೆಯಲ್ಲಿ ಬೇಡ. ಫ್ಯಾನ್ ಮೇಲೆ ಹನಿ ಬಿದ್ದು ಹೆಪ್ಪುಗಟ್ಟಿದರೆ ಬ್ಲೇಡ್ ಮುರಿಯುತ್ತೆ. ಡಿಫ್ರಾಸ್ಟ್ ಆದಾಗ (ಯೂನಿಟ್ ತನ್ನ ಮೇಲಿನ ಹಿಮ ಕರಗಿಸಿಕೊಂಡಾಗ) ಲೀಟರುಗಟ್ಟಲೆ ನೀರು ಸುರಿದು ರಾತ್ರಿಯೆಲ್ಲ ಐಸ್ ಕಟ್ಟುತ್ತೆ. ಅದಕ್ಕೇ ನಡೆಯುವ ದಾರಿಯ ಪಕ್ಕ ಇಡಬಾರದು. ಆಗ ಹಬೆ ಏಳೋದು ಕಂಡು ಬೆಂಕಿ ಅಂತ ಗಾಬರಿ ಬೀಳಬೇಡಿ.

ಕೆಳಗಿನ ಹೆಡ್ಡನ್ನ ಅಡುಗೆಮನೆಗೆ ಎದುರಾಗಿ ಹಾಕಿಸಬೇಡಿ. ನಮ್ಮ ಮನೆಗಳ ಒಗ್ಗರಣೆ ಹೊಗೆ ಆ ತೆಳು ಫಿಲ್ಟರ್‌ನಲ್ಲಿ ನಿಲ್ಲಲ್ಲ. ಎಣ್ಣೆ ಜಿಡ್ಡು ಕಾಯಿಲ್ ಮೇಲೆ, ಬ್ಲೋವರ್ ಚಕ್ರದ ಮೇಲೆ ಕೂತು ಧೂಳು ಹಿಡಿದು ಗಾಳಿ ಅರ್ಧಕ್ಕಿಳಿಯುತ್ತೆ. ಹೊರಗೆ ಹೋಗುವ ಚಿಮಣಿ ಫ್ಯಾನ್ ಇದ್ದರೆ ಸರಿ, ಒಳಗೇ ತಿರುಗಿಸಿ ಬಿಡುವ ಮೈಕ್ರೋವೇವ್ ಫ್ಯಾನ್ ಇದ್ದೂ ಇಲ್ಲದಂತೆ.

ವೆಸ್ಟ್‌ಬರೋ_ಅಂಗಳ:

ಇಬ್ಬರಿಗೂ ಧನ್ಯವಾದ. ಮೂರನೆಯವರು ಒಬ್ಬರು ಬೇಸ್‌ಬೋರ್ಡ್ ಹಾಗೇ ಇಟ್ಟುಕೊಂಡು ಬಾಯ್ಲರ್ ಜಾಗಕ್ಕೆ ಗಾಳಿಯಿಂದ ನೀರು ಬಿಸಿ ಮಾಡುವ ಹೀಟ್ ಪಂಪ್ ಕೂರಿಸಬಹುದು ಅಂತಿದ್ದಾರೆ. ಅದು ಸುಲಭ ಅಲ್ವಾ? ಮತ್ತೆ 100 ಆಂಪ್ ಸಾಕಾ?

ಫ್ಲೇರ್‌ನಟ್:

ಸುಲಭ ಅನ್ಸುತ್ತೆ, ಅಷ್ಟೆ. ನಿಮ್ಮ ಬೇಸ್‌ಬೋರ್ಡ್ ಅಡಿಯೊಂದಕ್ಕೆ ಸುಮಾರು 580 ಬಿಟಿಯು ಕೊಡೋದು ನೀರು 180 ಡಿಗ್ರಿ ಇದ್ದಾಗ. ಆ ಹೀಟ್ ಪಂಪ್‌ಗಳು ಚಳಿಯಲ್ಲಿ ನೆಮ್ಮದಿಯಾಗಿ ಕೊಡೋದು 120, 130. ಆಗ ಅದೇ ಅಡಿಗೆ ಅರ್ಧಕ್ಕಿಂತ ಕಡಿಮೆ ಬರುತ್ತೆ. ಒಂದು ಪರೀಕ್ಷೆ ಮಾಡಿ: ಚಳಿ ಇರುವ ದಿನ ಬಾಯ್ಲರ್ ಅಕ್ವಾಸ್ಟಾಟ್‌ನ (ನೀರಿನ ಬಿಸಿ ನಿಯಂತ್ರಿಸುವ ಸ್ವಿಚ್ಚಿನ) ಮೇಲ್ಮಿತಿ ಇಳಿಸಿ ನೋಡೋದು. ಆದರೆ ಎಣ್ಣೆ ಬಾಯ್ಲರಿಗೆ ವಾಪಸ್ ಬರುವ ನೀರು 130ಕ್ಕಿಂತ ಕೆಳಗೆ ತುಂಬಾ ದಿನ ಇದ್ದರೆ ಒಳಗೆ ಹೊಗೆಯ ತೇವ ಸಾಂದ್ರವಾಗಿ ತುಕ್ಕು ಹಿಡಿಯುತ್ತೆ, ಕಾಯಿಲ್‌ನ ಬಿಸಿನೀರೂ ಉಗುರುಬೆಚ್ಚಗಾಗುತ್ತೆ. ಒಂದೆರಡು ದಿನದ ಪರೀಕ್ಷೆಗೆ ಮಾತ್ರ. ಮನೆ ತಣ್ಣಗಾದರೆ ಆ ದಾರಿ ಬಿಡಿ. ತಣ್ಣಗಾಗದಿದ್ದರೂ ಬೇಸಿಗೆಯ ಎಸಿ ಬೇರೆ ಹಾಕಿಸಬೇಕು.

ಪ್ಯಾನೆಲ್: ಕೊಟೇಷನ್‌ನಲ್ಲಿ 200 ಆಂಪ್ ಸರ್ವಿಸ್‌ಗೆ ಕೈ ಹಾಕುವ ಮುಂಚೆ, ಕಳೆದ ಒಂದು ವರ್ಷದ ನಿಮ್ಮ ಗರಿಷ್ಠ ಬೇಡಿಕೆಯನ್ನ ತೆಗೆದು 1.25ರಿಂದ ಗುಣಿಸಿ ಹೊಸ ಲೋಡ್ ಸೇರಿಸುವ ಲೆಕ್ಕಕ್ಕೆ ಕೋಡ್‌ನಲ್ಲೇ ಅವಕಾಶ ಇದೆ, ಎಲೆಕ್ಟ್ರಿಷಿಯನ್ ಹತ್ರ ಅದನ್ನ ಮಾಡಿಸಿ. ಎರಡು ಚಿಕ್ಕ ಜೋಡಿ 100 ಆಂಪಲ್ಲಿ ಕೂರುವ ಸಾಧ್ಯತೆ ಚೆನ್ನಾಗಿದೆ. ಡಕ್ಟ್ ಯೂನಿಟ್ ಒಳಗೆ 10 ಕಿಲೋವ್ಯಾಟ್ ಹೀಟರ್ ಕಾಯಿಲ್ ಸೇರಿಸಿದರೆ ಅದೊಂದಕ್ಕೇ 60 ಆಂಪ್ ಬ್ರೇಕರ್ ಬೇಕು, ಅಲ್ಲಿಗೆ ಕೆಟ್ಟಿತು. ಬಾಯ್ಲರ್ ಬ್ಯಾಕಪ್ ಆಗಿ ಇದ್ದರೆ ಆ ಕಾಯಿಲ್ ಬೇಡವೇ ಬೇಡ. ಕಾರ್ ಚಾರ್ಜರ್ ಇದ್ದರೆ ಲೆಕ್ಕ ಬದಲಾಗುತ್ತೆ.

ಹಳೇಬರ್ನರ್:

ಎಣ್ಣೆ ಕಡೆಯಿಂದ ನಾಲ್ಕು ಮಾತು. ಶೇ. 83 ಅನ್ನೋದು ಪ್ಲೇಟಿನ ಮೇಲಿನ ದಕ್ಷತೆ, ನಿಮ್ಮ ಬಾಯ್ಲರಿನದಲ್ಲ. ಕಾಯಿಲ್ ಇರುವ ಬಾಯ್ಲರ್ ಜುಲೈನಲ್ಲೂ ದಿನವಿಡೀ ಬಿಸಿಯಾಗೇ ಇರಬೇಕು, ಯಾರೂ ನಲ್ಲಿ ತಿರುಗಿಸದಿದ್ದರೂ. ಅದರ ಜೊತೆ ನಾಲ್ಕೂವರೆ ಪಟ್ಟು ದೊಡ್ಡದು. ವರ್ಷದ ಸರಾಸರಿ ಶೇ. 70 ಅಂದರೂ ಆಶ್ಚರ್ಯ ಇಲ್ಲ. ಆಗ ಗ್ಯಾಲನ್‌ಗೆ ಸಮನಾದ ಕರೆಂಟು 12.5 ಅಲ್ಲ, 10.5 ಯೂನಿಟ್. ಮನೆಯ ಲೋಡ್ ಕೂಡ 28,800 ಅಲ್ಲ, 24,000ದ ಹತ್ತಿರ. ಲೆಕ್ಕದವರು ಕೊಟ್ಟದ್ದು ಮೇಲ್ಮಿತಿ ಅಂತ ಓದಿಕೊಳ್ಳಿ.

ಹಾಗಾಗಿ ನಾನು ಹೇಳೋದು, ಬಿಸಿನೀರನ್ನ ಮೊದಲು ಬಾಯ್ಲರಿನಿಂದ ಬಿಡಿಸಿ. ಸ್ಪೇಸ್ ಹೀಟಿಂಗ್ ವಾದ ಆಮೇಲೆ. 850ರಲ್ಲಿ 200 ಗ್ಯಾಲನ್ ಬಿಸಿನೀರಿಗೂ ಬೇಸಿಗೆಯಲ್ಲಿ ಸುಮ್ಮನೆ ಕಾಯಿಸಿಡೋಕೂ ಹೋಗ್ತಿದೆ ಅಂದುಕೊಂಡರೆ 720 ಡಾಲರ್. ಹೀಟ್ ಪಂಪ್ ವಾಟರ್ ಹೀಟರ್ ನಾಲ್ಕು ಜನಕ್ಕೆ ವರ್ಷಕ್ಕೆ ಸುಮಾರು 1,300 ಯೂನಿಟ್ ತಿಂದರೆ, 33 ಸೆಂಟಲ್ಲೇ 430 ಡಾಲರ್. ಎಣ್ಣೆ ದರ ಇಳಿದರೂ ಇದು ಗೆಲ್ಲುತ್ತೆ. ಬೇಸಿಗೆಯಲ್ಲಿ ಬೇಸ್‌ಮೆಂಟಿನ ತೇವವನ್ನೂ ಹೀರುತ್ತೆ, ಡಿಹ್ಯುಮಿಡಿಫೈಯರ್ ಕೆಲಸ ಕಡಿಮೆ. ಊರಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ಮನೆಯಾದರೆ 50 ಗ್ಯಾಲನ್ ಬೇಡ, 65 ಅಥವಾ 80 ತಗೊಳ್ಳಿ. ಬಕೆಟ್ ಸ್ನಾನಕ್ಕೆ ನೀರು ಕಡಿಮೆ ಸಾಕು, ಆದರೆ ಬೆಳಿಗ್ಗೆ ಆರರಿಂದ ಎಂಟರೊಳಗೆ ಎಲ್ಲರದೂ ಆಗಬೇಕು, ಈ ಟ್ಯಾಂಕ್ ಮತ್ತೆ ಬಿಸಿಯಾಗೋಕೆ ಗಂಟೆಗಳೇ ಬೇಕು.

ಇಲ್ಲೊಂದು ಕೊಕ್ಕೆ ಇದೆ. ಬಿಸಿನೀರು ಬೇರೆಯಾದ ಮೇಲೆ ಬಾಯ್ಲರನ್ನ ತಣ್ಣಗೆ ಬಿಡುವಂತೆ ಅಕ್ವಾಸ್ಟಾಟ್ ಬದಲಿಸ್ತಾರೆ. ಇಷ್ಟು ವರ್ಷ ಸದಾ ಬಿಸಿಯಾಗೇ ಇದ್ದ ಬಾಯ್ಲರಿನ ಕಾಯಿಲ್ ಫ್ಲ್ಯಾಂಜಿನ ಗ್ಯಾಸ್ಕೆಟ್ ತಣ್ಣಗಾದಾಗ ಕುಗ್ಗಿ ತೊಟ್ಟಿಕ್ಕುತ್ತೆ. ಬೋಲ್ಟುಗಳು ತುಕ್ಕು ಹಿಡಿದಿದ್ದರೆ ಗ್ಯಾಸ್ಕೆಟ್ ಬದಲಿಸೋಕೆ ಹೋಗಿ ಬೋಲ್ಟ್ ಮುರಿಯುತ್ತೆ. ವರ್ಷದ ಸರ್ವಿಸಿನ ದಿನ ಫ್ಲ್ಯಾಂಜ್ ಸುತ್ತ ಬಿಳಿ ಅಥವಾ ಹಸಿರು ಕಲೆ ಇದೆಯಾ ತೋರಿಸಿ ಕೇಳಿ. ಇದ್ದರೆ ಬಾಯ್ಲರ್ ಬ್ಯಾಕಪ್ ಆಗಿ ಉಳಿಯುತ್ತೆ ಅನ್ನೋ ಯೋಜನೆ ಮೇಲೆ ಹೆಚ್ಚು ಭಾರ ಹಾಕಬೇಡಿ.

13,000 ಕೊಟ್ಟು ಹೊಸ ಎಣ್ಣೆ ಬಾಯ್ಲರ್ ಹಾಕಿಸೋದನ್ನ ಎಣ್ಣೆ ಕೆಲಸ ಬಲ್ಲವನಾಗಿ ನಾನೂ ಒಪ್ಪಲ್ಲ. ಸದ್ಯದ್ದು ಸೋರದೆ ಓಡ್ತಿದ್ದರೆ ಆ ದುಡ್ಡಲ್ಲಿ ಮೊದಲು ಅಟಿಕ್ಕಿನ ಬಿರುಕು ಮುಚ್ಚಿಸಿ, ಸೆಲ್ಯುಲೋಸ್ ತುಂಬಿಸಿ. 1968ರ ಮನೆಯಲ್ಲಿ ಅಟಿಕ್ ಮುಚ್ಚಳ, ಚಿಮಣಿ ಸುತ್ತಲಿನ ಸಂದು, ಬಾತ್‌ರೂಮ್ ಫ್ಯಾನ್ ತೂತು, ಬೇಸ್‌ಮೆಂಟಿನ ರಿಮ್ ಜಾಯಿಸ್ಟ್ (ಅಡಿಪಾಯದ ಮೇಲೆ ಕೂರುವ ಅಂಚಿನ ತೊಲೆ), ಇವಿಷ್ಟರಿಂದಲೇ ಬಹಳಷ್ಟು ಶಾಖ ಸೋರುತ್ತೆ. ಮ್ಯಾಸ್ ಸೇವ್‌ನವರು ಬಂದು ಪುಕ್ಕಟೆ ನೋಡ್ತಾರೆ, ಇಡೀ ಮನೆಯ ಹೀಟ್ ಪಂಪ್ ರಿಬೇಟಿಗೆ ಈ ಕೆಲಸ ಹೇಗೂ ಆಗಿರಬೇಕು. ಆದಮೇಲೆ ಒಂದು ಚಳಿಗಾಲದ ಕೆ-ಫ್ಯಾಕ್ಟರ್ ನೋಡಿ. 10 ಇದ್ದದ್ದು 12 ಆದರೆ ನಿಮಗೆ ಬೇಕಾದ ಹೀಟ್ ಪಂಪ್ ಆರರಲ್ಲೊಂದು ಭಾಗ ಚಿಕ್ಕದಾಯ್ತು.

ಲೆಕ್ಕದಪುಸ್ತಕ:

ಶೇ. 70ರ ಮಾತು ಒಪ್ಪಿದೆ. ಆದರೆ ಒಂದು ಚಳಿಗಾಲ ಕಾಯೋದಕ್ಕೂ ಬೆಲೆ ಇದೆ. ಫೆಡರಲ್ ತೆರಿಗೆಯಲ್ಲಿ ಹೀಟ್ ಪಂಪ್‌ಗೆ ಸಿಗ್ತಿದ್ದ ಶೇ. 30, ಗರಿಷ್ಠ 2,000 ಡಾಲರ್ ವಿನಾಯಿತಿ 2025ರ ಡಿಸೆಂಬರ್ 31ಕ್ಕೇ ಮುಗಿದಿದೆ. ಮಾರುವವರು ಇನ್ನೂ ಅದನ್ನ ಕಳೆದು ತೋರಿಸ್ತಿದ್ದರೆ ಆ ಹಾಳೆ ಹಳೇದು. ಮ್ಯಾಸ್ ಸೇವ್ ಮೊತ್ತವೂ ವರ್ಷ ವರ್ಷ ಬದಲಾಗುತ್ತೆ. ಇಡೀ ಮನೆ ಅನ್ನೋ ವರ್ಗಕ್ಕೆ ಹೀಟ್ ಪಂಪೇ ಮುಖ್ಯ ಆಗಿರಬೇಕು, ಹಳೇ ಬಾಯ್ಲರ್ ಇಟ್ಟುಕೊಳ್ಳುವ ಬಗ್ಗೆ ಷರತ್ತಿನಲ್ಲಿ ಏನಿದೆ ಅಂತ ಸಹಿಗೆ ಮುಂಚೆ ಓದಿ. ಸದ್ಯ ಅಟಿಕ್ ಕೆಲಸ ಮತ್ತು ವಾಟರ್ ಹೀಟರ್ ಈ ಬೇಸಿಗೆಗೆ, ಹೀಟ್ ಪಂಪ್ ಕೊಟೇಷನ್ ಅಕ್ಟೋಬರಿಗೆ. ಚಳಿ ಬಂದ ಮೇಲೆ ಬಾಯ್ಲರ್ ಕೈಕೊಟ್ಟಾಗ ಮಾತ್ರ ಯಾರೂ ಚೌಕಾಸಿ ಮಾಡೋಕಾಗಲ್ಲ.

ವೆಸ್ಟ್‌ಬರೋ_ಅಂಗಳ:

ಆಯ್ತು, ಆ 5 ಟನ್‌ನವರಿಗೆ ಬೇಡ ಅಂತೀನಿ. ಡಿಸೆಂಬರ್ ಖಾಲಿ ಮನೆ ಬಗ್ಗೆ?

ಹಳೇಬರ್ನರ್:

ಎರಡೂ ವ್ಯವಸ್ಥೆ ಇರುವ ಮನೆಯಲ್ಲಿ ಹೆಪ್ಪುಗಟ್ಟಿ ಒಡೆಯೋದು ಸಾಮಾನ್ಯವಾಗಿ ನಲ್ಲಿ ಪೈಪಲ್ಲ, ಬೇಸ್‌ಬೋರ್ಡಿನ ಪೈಪು. ಹೀಟ್ ಪಂಪ್ ರೂಮನ್ನ ಬೆಚ್ಚಗಿಟ್ಟಿದೆ, ಬಾಯ್ಲರ್ ಥರ್ಮೋಸ್ಟಾಟ್ ಕರೆಯೋದೇ ಇಲ್ಲ, ಹೊರಗೋಡೆಯೊಳಗೆ ಹಾದುಹೋದ ಪೈಪಲ್ಲಿ ನೀರು ವಾರಗಟ್ಟಲೆ ನಿಂತಲ್ಲೇ ನಿಂತಿದೆ. ಮೈನಸ್ ಐದರ ಗಾಳಿ ಬೀಸಿದ ರಾತ್ರಿ ಅಲ್ಲಿ ಐಸ್. ಬಾಯ್ಲರ್ ಕೂಡ ತಣ್ಣಗಿದ್ದರೆ ಬೇಸ್‌ಮೆಂಟಿಗೆ ಮೊದಲಿದ್ದ ಪುಕ್ಕಟೆ ಶಾಖವೂ ಇಲ್ಲ, ವಾಟರ್ ಹೀಟರ್ ಬೇರೆ ಅಲ್ಲಿನ ಶಾಖ ಎಳೀತಿರುತ್ತೆ. ಹೊರಗೆ 15ಕ್ಕಿಂತ ಇಳಿದಾಗ ಗಂಟೆಗೆ ಐದು ನಿಮಿಷ ಸರ್ಕ್ಯುಲೇಟರ್ (ಬೇಸ್‌ಬೋರ್ಡಿನ ನೀರು ಹರಿಸುವ ಪಂಪ್) ಓಡಿಸುವ ಟೈಮರ್ ಹಾಕಿಸಿ, ಅಥವಾ ಲೂಪಿಗೆ ಪ್ರೊಪೈಲೀನ್ ಗ್ಲೈಕಾಲ್ ತುಂಬಿಸಿ. ವಾಹನದ ಆಂಟಿಫ್ರೀಜ್ ಅಲ್ಲ.

ಹೊರಡುವಾಗ ಹೀಟ್ ಪಂಪ್ 60ಕ್ಕೆ ಇಡಿ, ಹೀಟ್ ಮೋಡಲ್ಲೇ, ಆಟೋ ಬೇಡ. ಬಾಯ್ಲರ್ ಥರ್ಮೋಸ್ಟಾಟ್ 54. ಮೀಟರ್ ಪಕ್ಕದ ಮುಖ್ಯ ನೀರಿನ ವಾಲ್ವ್ ಮುಚ್ಚಿ. ಆದರೆ ಬಾಯ್ಲರಿಗೆ ನೀರು ತುಂಬುವ ವಾಲ್ವೂ ಅದೇ ಲೈನಲ್ಲಿರುತ್ತೆ, ಹಾಗಾಗಿ ಬಾಯ್ಲರ್ ಮೇಲೆ ಲೋ ವಾಟರ್ ಕಟಾಫ್ (ನೀರು ಕಡಿಮೆಯಾದರೆ ಬರ್ನರ್ ನಿಲ್ಲಿಸುವ ಸ್ವಿಚ್) ಇದೆಯಾ ಖಾತ್ರಿ ಮಾಡಿಕೊಳ್ಳಿ. ಬೇಸ್‌ಮೆಂಟಲ್ಲೂ ಮೇಲಿನ ಬಾತ್‌ರೂಮಲ್ಲೂ 45ಕ್ಕಿಳಿದರೆ ಫೋನಿಗೆ ಸುದ್ದಿ ಕಳಿಸುವ ಸೆನ್ಸರ್ ಒಂದೊಂದು. ಪಕ್ಕದ ಮನೆಯವರ ಹತ್ರ ಕೀಲಿ ಇರಲಿ, ಬೆಂಗಳೂರಲ್ಲಿ ಕೂತು ಫೋನ್ ನೋಡಿ ಬಾಯ್ಲರ್ ರೀಸೆಟ್ ಬಟನ್ ಒತ್ತೋಕಾಗಲ್ಲ. ಆ ಬಟನ್ ಒಂದೇ ಸಲ ಒತ್ತಬೇಕು ಅಂತ ಅವರಿಗೆ ಹೇಳಿಡಿ. ಉರಿಯದ ಎಣ್ಣೆ ಒಳಗೆ ಶೇಖರವಾಗಿ ಆಮೇಲೆ ಒಮ್ಮೆಗೇ ಹೊತ್ತಿಕೊಳ್ಳುತ್ತೆ.

ಕರೆಂಟು ಹೋದರೆ ಬಾಯ್ಲರೂ ನಿಲ್ಲುತ್ತೆ, ಅದಕ್ಕೂ ಬರ್ನರ್ ಮೋಟಾರ್, ಸರ್ಕ್ಯುಲೇಟರ್ ಇವೆಯಲ್ಲ. ಆದರೆ ಐನೂರು ವ್ಯಾಟ್ ಆಸುಪಾಸಿಗೆ ಓಡುತ್ತೆ, ಚಿಕ್ಕ 2,000 ವ್ಯಾಟ್ ಜನರೇಟರ್ ಸಾಕು. ಹೀಟ್ ಪಂಪ್‌ಗೆ 240 ವೋಲ್ಟಿನ ದೊಡ್ಡದೇ ಬೇಕು. ಬಾಯ್ಲರ್ ಉಳಿಸಿಕೊಳ್ಳೋಕೆ ನನ್ನ ಪ್ರಕಾರ ಇದೇ ನಿಜವಾದ ಕಾರಣ, ಸೊನ್ನೆ ಡಿಗ್ರಿ ಅಲ್ಲ.

ಎಣ್ಣೆ ಕಂಪನಿಗೆ ಹೀಟ್ ಪಂಪ್ ಹಾಕಿಸಿದ ವಾರವೇ ಫೋನ್ ಮಾಡಿ ಆಟೋಮ್ಯಾಟಿಕ್ ಡೆಲಿವರಿ ನಿಲ್ಲಿಸಿ, ಕರೆದಾಗ ಬರುವ ಲೆಕ್ಕಕ್ಕೆ ಬದಲಿಸಿ. ಅವರು ಹಳೇ ಕೆ-ಫ್ಯಾಕ್ಟರ್ ಹಿಡಿದು ಬರ್ತಾರೆ, ತುಂಬಿದ ಟ್ಯಾಂಕಿಗೆ ಮತ್ತೆ ಲಾರಿ ಬಂದು ನಿಲ್ಲುತ್ತೆ. ಟ್ಯಾಂಕಲ್ಲಿ ಕಾಲು ಭಾಗ ಸದಾ ಇರಲಿ, ತಿಂಗಳಿಗೊಮ್ಮೆ ಅರ್ಧ ಗಂಟೆ ಬರ್ನರ್ ಓಡಿಸಿ. ಎಂದಾದರೂ ಬಾಯ್ಲರ್ ಪೂರ್ತಿ ತೆಗೆಸಿದರೆ, ಟ್ಯಾಂಕ್ ಹೊರಗೆ ಹೋಗುವ ದಿನವೇ ಹೊರಗೋಡೆಯ ಫಿಲ್ ಪೈಪು, ವೆಂಟ್ ಪೈಪು ಎರಡನ್ನೂ ಕಿತ್ತು ತೂತಿಗೆ ಸಿಮೆಂಟ್ ಹಾಕಿಸಿ. ಮುಚ್ಚಳ ಬಿಗಿಸಿ ಬಿಟ್ಟರೆ ಸಾಲದು. ವಿಳಾಸ ತಪ್ಪಿ ಬಂದ ಲಾರಿಯವನು ಆ ಪೈಪಿಗೆ ಹೋಸ್ ಸಿಕ್ಕಿಸಿದರೆ ನೂರಾರು ಗ್ಯಾಲನ್ ನೇರ ಬೇಸ್‌ಮೆಂಟಿನ ನೆಲಕ್ಕೆ.